ಕಿರಣಕ್ಕೆ ದಿಕ್ಕು ತೋರಿದ ಆಚಾರ್ಯ ಜಗದೀಶಚಂದ್ರ ಬೋಸ್

ಊರಿನ ಹಿರಿಯರೊಡನೆ ಮೊಬೈಲಿನಲ್ಲಿ ಮಾತನಾಡುತ್ತಿರುವಾಗ ಧ್ವನಿ ಕಡಿದುಹೋದರೆ ಹಜಾರದಿಂದ ಎದ್ದು ಕಿಟಕಿಯ ಬಳಿಗೆ ಹೋಗುವುದು, ಅಲ್ಲಿಯೂ ಸರಿಹೋಗದಿದ್ದರೆ ಬಾಲ್ಕನಿಯ ಮೂಲೆಗೆ ಸರಿಯುವುದು, ಬೊರಿವಲಿಯ ಬಹುಮಹಡಿ ಕಟ್ಟಡಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಹೊಸ ಅನುಭವವೇನಲ್ಲ. ಹೀಗೆ ಎರಡು ಹೆಜ್ಜೆ ಆಚೀಚೆ ಸರಿದು, ಮುಖ ತಿರುಗಿಸಿ, ಅಲೆಯು ಎಲ್ಲಿ ಚೆನ್ನಾಗಿ ಸಿಗುತ್ತದೆಂದು ನಾವು ಹುಡುಕುವ ಕೆಲಸವನ್ನೇ ಇಂದಿನ ದೂರಸಂಪರ್ಕ ವಿಜ್ಞಾನವು ಯಂತ್ರಕ್ಕೆ ಕಲಿಸುತ್ತಿದೆ. ಅತಿ ಹೆಚ್ಚು ಕಂಪನಾಂಕದ ಮಿಲಿಮೀಟರ್ ತರಂಗಗಳಲ್ಲಿ ಅಲೆಯು ದೀಪದ ಬೆಳಕಿನಂತೆ ಸುತ್ತಲೂ ಹರಡದೆ ಟಾರ್ಚಿನ ಬೆಳಕಿನಂತೆ ಒಂದೇ ದಿಕ್ಕಿಗೆ ಕಿರಣವಾಗಿ ಹೊರಡಬೇಕಾಗುತ್ತದೆ. ಆ ಕಿರಣವನ್ನು ಯಾವ ದಿಕ್ಕಿಗೆ ಬಿಡಬೇಕು, ಅದನ್ನು ಕ್ಷಣಾರ್ಧದಲ್ಲಿ ಹೇಗೆ ಆರಿಸಬೇಕು ಎಂಬುದೇ ಈ ಹೊತ್ತಿನ ಎಂಜಿನಿಯರುಗಳ ಮುಂದಿರುವ ಪ್ರಶ್ನೆ.

ಆಶ್ಚರ್ಯದ ಸಂಗತಿಯೆಂದರೆ, ಇಂತಹ ಪುಟ್ಟ ಅಲೆಗಳನ್ನು ಉತ್ಪಾದಿಸಿ, ಕಿರಣವಾಗಿ ಕಟ್ಟಿ, ಬೇಕಾದ ದಿಕ್ಕಿಗೆ ತಿರುಗಿಸಿ, ಅದರ ದಿಕ್ಕನ್ನು ಅಳೆದು ತೋರಿಸಿದವರು ನಮ್ಮದೇ ದೇಶದ ಒಬ್ಬ ಅಧ್ಯಾಪಕರು. ಅದೂ 1895ರ ವೇಳೆಗೆ, ಕಲಕತ್ತೆಯ ಕಾಲೇಜೊಂದರ ಇಕ್ಕಟ್ಟಾದ ಕೋಣೆಯಲ್ಲಿ. ಅವರೇ ಆಚಾರ್ಯ ಜಗದೀಶಚಂದ್ರ ಬೋಸ್. ಗಿಡಮರಗಳಿಗೂ ಸಂವೇದನೆ ಇದೆಯೆಂದು ತೋರಿಸಿದ ವಿಜ್ಞಾನಿ ಎಂದು ಶಾಲೆಯ ಪಾಠಗಳಲ್ಲಿ ನಾವೆಲ್ಲ ಓದಿದವರು. ಆದರೆ ಗಿಡಗಳ ಕಡೆಗೆ ಹೊರಳುವ ಮುನ್ನ ಅವರು ಮಾಡಿದ ಕೆಲಸವು ನಮ್ಮ ಮನೆಗಳಲ್ಲಿ ಅಷ್ಟಾಗಿ ಪರಿಚಿತವಲ್ಲ. ಅವರ ಬದುಕಿನ ಆ ಭಾಗವನ್ನು ಇಲ್ಲಿ ಸ್ಮರಿಸುವುದು ಉಚಿತವೆನಿಸುತ್ತದೆ.

ಮಾತೃಭಾಷೆಯ ಶಾಲೆಯಿಂದ ಕೇಂಬ್ರಿಜ್‌ಗೆ

ಜಗದೀಶಚಂದ್ರರು ಜನಿಸಿದ್ದು 1858ರ ನವೆಂಬರ್ 30ರಂದು, ಇಂದು ಬಾಂಗ್ಲಾದೇಶದಲ್ಲಿರುವ ಮೈಮನ್‌ಸಿಂಗ್‌ನಲ್ಲಿ. ಮನೆತನದ ಮೂಲ ವಿಕ್ರಮಪುರ ಪ್ರಾಂತ್ಯದ ರಾಢಿಖಾಲ್ ಗ್ರಾಮ. ತಂದೆ ಭಗವಾನ್‌ಚಂದ್ರ ಬೋಸ್ ಬ್ರಿಟಿಷ್ ಆಡಳಿತದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್ ಆಗಿದ್ದವರು, ಬ್ರಹ್ಮಸಮಾಜದ ಅನುಯಾಯಿ. ತಾಯಿ ಬಾಮಾಸುಂದರಿ ದೇವಿ. ಸರಕಾರಿ ಅಧಿಕಾರಿಗಳು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸುವುದನ್ನೇ ಪ್ರತಿಷ್ಠೆಯೆಂದು ಭಾವಿಸಿದ್ದ ಆ ದಿನಗಳಲ್ಲಿ ಭಗವಾನ್‌ಚಂದ್ರರು ಮಗನನ್ನು ಬಂಗಾಳಿ ಶಾಲೆಗೆ ಸೇರಿಸಿದರು. ಪರಭಾಷೆಗೆ ಮೊದಲು ತನ್ನ ಭಾಷೆಯೂ ತನ್ನ ಜನರೂ ಮಗುವಿಗೆ ತಿಳಿದಿರಬೇಕೆಂಬುದು ಅವರ ನಿಲುವಾಗಿತ್ತು. ಶಾಲೆಯಲ್ಲಿ ಬಾಲಕನ ಅಕ್ಕಪಕ್ಕ ಕುಳಿತವರು ಮನೆಯ ಮುಸಲ್ಮಾನ ಸೇವಕನ ಮಗ ಮತ್ತು ಒಬ್ಬ ಮೀನುಗಾರನ ಮಗ. ಅವರು ಹೇಳುತ್ತಿದ್ದ ಹಕ್ಕಿಗಳ, ಪ್ರಾಣಿಗಳ, ಜಲಚರಗಳ ಕತೆಗಳೇ ತನ್ನಲ್ಲಿ ನಿಸರ್ಗದ ಕುತೂಹಲ ಮೂಡಿಸಿದವೆಂದು ಅವರು ಮುಂದೆ ನೆನೆದುಕೊಂಡದ್ದುಂಟು. ಮುಂಬಯಿಯಲ್ಲಿದ್ದು ಮಕ್ಕಳಿಗೆ ಕನ್ನಡ ಕಲಿಸಬೇಕೋ ಬೇಡವೋ ಎಂದು ಆಲೋಚಿಸುವ ಪೋಷಕರಿಗೆ ಈ ಸಂಗತಿ ಮನನೀಯ.

ಮುಂದೆ ಕಲಕತ್ತೆಯ ಹೇರ್ ಶಾಲೆ, ಬಳಿಕ ಸೇಂಟ್ ಝೇವಿಯರ್ಸ್. ಅಲ್ಲಿ ಬೆಲ್ಜಿಯಂ ದೇಶದ ಜೆಸ್ವಿಟ್ ಪಾದ್ರಿ ಯುಜೀನ್ ಲಾಫೋಂ ಅವರು ಪ್ರಯೋಗಗಳ ಮೂಲಕವೇ ಭೌತವಿಜ್ಞಾನವನ್ನು ಬೋಧಿಸುತ್ತಿದ್ದರು. ಕಣ್ಣಿಗೆ ಕಾಣುವಂತೆ ತೋರಿಸಿದರೆ ಮಾತ್ರ ತತ್ತ್ವವು ಮನಸ್ಸಿಗೆ ಇಳಿಯುತ್ತದೆ ಎಂಬ ಪಾಠವನ್ನು ಶಿಷ್ಯರು ಕೊನೆಯವರೆಗೂ ಮರೆಯಲಿಲ್ಲ. 1880ರಲ್ಲಿ ವೈದ್ಯಕೀಯ ಕಲಿಯಲೆಂದು ಲಂಡನ್ನಿಗೆ ಹೋದರಾದರೂ ಆರೋಗ್ಯ ಕೈಕೊಟ್ಟುದರಿಂದ ಆ ವ್ಯಾಸಂಗವನ್ನು ಕೈಬಿಟ್ಟು ಕೇಂಬ್ರಿಜ್‌ನ ಕ್ರೈಸ್ಟ್ಸ್ ಕಾಲೇಜು ಸೇರಿದರು. ಅಲ್ಲಿ ಅವರಿಗೆ ದೊರೆತ ಗುರು ಲಾರ್ಡ್ ರೇಲೀ. ಅಲೆಗಳ ಶಾಸ್ತ್ರದಲ್ಲಿ ಆ ಕಾಲದ ಅಗ್ರಗಣ್ಯರಾದ ರೇಲೀ ಮುಂದೆಯೂ ಈ ಭಾರತೀಯ ಶಿಷ್ಯನ ಬೆನ್ನಿಗೆ ನಿಂತರು.

ಸಂಬಳ ಮುಟ್ಟದ ಮೂರು ವರ್ಷ

1885ರಲ್ಲಿ ತಾಯ್ನಾಡಿಗೆ ಮರಳಿದ ಬೋಸ್ ಅವರು ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಅದೇ ಹುದ್ದೆಯ ಆಂಗ್ಲರಿಗೆ ಸಿಗುತ್ತಿದ್ದ ವೇತನದ ಮೂರನೇ ಎರಡು ಭಾಗ ಮಾತ್ರ ಭಾರತೀಯರಿಗೆ ಎಂಬುದು ಅಂದಿನ ಪದ್ಧತಿ. ತಾತ್ಕಾಲಿಕ ನೇಮಕವಾದ್ದರಿಂದ ಬೋಸ್ ಅವರಿಗೆ ಅದರಲ್ಲೂ ಅರ್ಧ. ಅವರು ವಾಗ್ವಾದಕ್ಕೆ ಇಳಿಯಲಿಲ್ಲ, ಹುದ್ದೆಯನ್ನೂ ತೊರೆಯಲಿಲ್ಲ. ದಿನವೂ ಕಾಲೇಜಿಗೆ ಹೋಗಿ ನಿಷ್ಠೆಯಿಂದ ಪಾಠ ಮಾಡಿ, ತಿಂಗಳ ಕೊನೆಗೆ ಬಂದ ಸಂಬಳವನ್ನು ಮುಟ್ಟದೆ ಹಿಂದಿರುಗಿಸಿದರು. ಒಂದಲ್ಲ ಎರಡಲ್ಲ, ಮೂರು ವರ್ಷ.

ಈ ಮೂರು ವರ್ಷಗಳಲ್ಲಿ ಮನೆಯ ಸ್ಥಿತಿ ಸುಭದ್ರವಾಗಿದ್ದರೆ ಅದು ಬೇರೆ ಮಾತಾಗುತ್ತಿತ್ತು. ಜನರಿಗೆ ಉಪಕಾರವಾಗಲೆಂದು ತಂದೆ ಕೈಹಾಕಿದ್ದ ಉದ್ಯಮಗಳು ನಷ್ಟ ಹೊಂದಿ ಸಂಸಾರವು ಸಾಲದಲ್ಲಿ ಮುಳುಗಿತ್ತು. 1887ರಲ್ಲಿ ವಿವಾಹವೂ ಆಯಿತು. ಪತ್ನಿ ಅಬಲಾ ಅವರು ಮದರಾಸಿಗೆ ಹೋಗಿ ವೈದ್ಯಕೀಯ ಓದಿದ್ದ ಧೀಮಂತ ಮಹಿಳೆ. ಮುಂದೆ ಸ್ತ್ರೀಶಿಕ್ಷಣಕ್ಕಾಗಿ ದುಡಿದು ಹೆಸರಾದವರು. ಸಂಬಳವಿಲ್ಲದ ಅಧ್ಯಾಪಕನ ಸಂಸಾರವನ್ನು ಆಕೆ ನಗುಮೊಗದಿಂದಲೇ ಸಾಗಿಸಿದರು. ಕೊನೆಗೆ ಆಡಳಿತವೇ ಮಣಿದು, ಪೂರ್ಣ ವೇತನವನ್ನು ನೇಮಕದ ದಿನದಿಂದಲೇ ಅನ್ವಯಿಸುವಂತೆ ಕೊಟ್ಟಿತು. ಆ ಮೊತ್ತ ತಂದೆಯ ಸಾಲ ತೀರಿಸಲು ವಿನಿಯೋಗವಾಯಿತು.

ಇಕ್ಕಟ್ಟಿನ ಕೋಣೆ, ಪುಟ್ಟ ಅಲೆ

1894ರ ನವೆಂಬರ್ 30, ಅವರು ಮೂವತ್ತಾರು ತುಂಬಿದ ದಿನ. ಇನ್ನು ಮುಂದೆ ಜೀವನವನ್ನು ಸಂಶೋಧನೆಗೆ ಮೀಸಲಿಡಬೇಕೆಂದು ಅಂದು ಅವರು ಸಂಕಲ್ಪ ಮಾಡಿದರು. ಆದರೆ ಕಾಲೇಜಿನಲ್ಲಿ ಸಂಶೋಧನೆಗೆಂದು ಪ್ರಯೋಗಶಾಲೆ ಇರಲಿಲ್ಲ, ಅನುದಾನವೂ ಇರಲಿಲ್ಲ. ಸ್ನಾನದ ಕೋಣೆಗೆ ಹೊಂದಿಕೊಂಡಿದ್ದ ಚಿಕ್ಕದೊಂದು ಜಾಗವೇ ಅವರ ಪ್ರಯೋಗಶಾಲೆಯಾಯಿತು. ಓದುಬರಹ ಬಾರದ ಒಬ್ಬ ತಗಡಿನ ಕೆಲಸಗಾರನನ್ನು ಜೊತೆಗಿಟ್ಟುಕೊಂಡು, ಸ್ವಂತ ಖರ್ಚಿನಲ್ಲಿ, ಪಾಠದ ಹೊತ್ತು ಮುಗಿದ ಬಳಿಕ ಅವರು ಉಪಕರಣಗಳನ್ನು ಕಟ್ಟತೊಡಗಿದರು.

ಆಗಿನ ಹಿನ್ನೆಲೆಯನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ವಿದ್ಯುತ್ತು ಮತ್ತು ಕಾಂತತ್ವಗಳು ಒಂದುಗೂಡಿ ಅಲೆಯಾಗಿ ಬೆಳಕಿನ ವೇಗದಲ್ಲಿ ಸಾಗುತ್ತವೆಂದೂ ಬೆಳಕು ಸಹ ಅಂತಹದೇ ಒಂದು ಅಲೆಯೆಂದೂ ಮ್ಯಾಕ್ಸ್‌ವೆಲ್ 1860ರ ದಶಕದಲ್ಲಿ ಗಣಿತದಿಂದ ಪ್ರತಿಪಾದಿಸಿದ್ದರು. 1880ರ ದಶಕದ ಕೊನೆಯಲ್ಲಿ ಜರ್ಮನಿಯ ಹೈನ್‌ರಿಕ್ ಹರ್ಟ್ಸ್ ಅಂತಹ ಅಲೆಗಳನ್ನು ಪ್ರಯೋಗದಲ್ಲಿ ಉತ್ಪಾದಿಸಿ ತೋರಿಸಿದರು. ಅವರು 1894ರ ಆರಂಭದಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡಾಗ ಇಂಗ್ಲೆಂಡಿನ ಆಲಿವರ್ ಲಾಡ್ಜ್ ಅವರ ಕೆಲಸವನ್ನು ಕುರಿತು ಉಪನ್ಯಾಸ ನೀಡಿದರು. ಆ ಉಪನ್ಯಾಸದ ಮುದ್ರಿತ ರೂಪವು ಕಲಕತ್ತೆಗೆ ತಲುಪಿ ಬೋಸ್ ಅವರ ಮನಸ್ಸನ್ನು ಸೆರೆಹಿಡಿಯಿತು.

ಹರ್ಟ್ಸ್ ಬಳಸಿದ ಅಲೆಗಳು ಮೊಳದುದ್ದದವು, ಕೆಲವು ಮೀಟರ್‌ಗಟ್ಟಲೆ ಉದ್ದದವು. ಅಂತಹ ಅಲೆಯನ್ನು ಬೆಳಕಿನಂತೆ ಬಾಗಿಸಬೇಕಾದರೆ ಉಪಕರಣಗಳೂ ಅಷ್ಟೇ ದೊಡ್ಡವಾಗಬೇಕು. ಹರ್ಟ್ಸ್ ತಮ್ಮ ಪ್ರಯೋಗಕ್ಕೆ ಆಳೆತ್ತರದ ಡಾಂಬರಿನ ಪ್ರಿಸಂ ಎರಕ ಹೊಯ್ಯಬೇಕಾಗಿತ್ತು. ಬೋಸ್ ಅವರ ಕೋಣೆಯಲ್ಲಿ ಅದಕ್ಕೆ ಎಡೆಯೆಲ್ಲಿ? ಕೋಣೆಯನ್ನು ಹಿಗ್ಗಿಸುವಂತಿಲ್ಲವಾದರೆ ಅಲೆಯನ್ನೇ ಕುಗ್ಗಿಸಬೇಕು. ಸಣ್ಣ ಲೋಹದ ಗುಂಡುಗಳ ನಡುವೆ ಕಿಡಿ ಹಾರಿಸಿ, 25 ಮಿಲಿಮೀಟರ್‌ಗಳಿಂದ ಸುಮಾರು 5 ಮಿಲಿಮೀಟರ್‌ಗಳವರೆಗಿನ ಉದ್ದದ ಅಲೆಗಳನ್ನು ಅವರು ಉತ್ಪಾದಿಸಿದರು. ಇಂದಿನ ಲೆಕ್ಕದಲ್ಲಿ ಇವು ಸುಮಾರು 12ರಿಂದ 60 ಗಿಗಾಹರ್ಟ್ಸ್ ಕಂಪನಾಂಕದವು. ಹೊಸ ಪೀಳಿಗೆಯ ದೂರಸಂಪರ್ಕವು ಕಣ್ಣಿಟ್ಟಿರುವ ಮಿಲಿಮೀಟರ್ ತರಂಗಗಳೂ ಈ ವ್ಯಾಪ್ತಿಯಲ್ಲಿವೆ.

ತಿರುಗುವ ಮೇಜು

ಅಲೆಯು ಚಿಕ್ಕದಾದಾಗ ಒಂದು ಮಹತ್ತ್ವದ ಲಾಭವುಂಟು. ಕಿರಣವೊಂದರ ಅಗಲವು ಅಲೆಯ ಉದ್ದವನ್ನೂ ಅದನ್ನು ಹೊರಡಿಸುವ ಬಾಯಿಯ ಗಾತ್ರವನ್ನೂ ಅವಲಂಬಿಸಿದೆ. ಅಲೆಗಿಂತ ಬಾಯಿ ಹಲವು ಪಟ್ಟು ದೊಡ್ಡದಾದಷ್ಟೂ ಕಿರಣ ಕಿರಿದಾಗುತ್ತದೆ. ಮೀಟರ್ ಉದ್ದದ ಅಲೆಯನ್ನು ಕಿರಿದಾದ ಕಿರಣವಾಗಿ ಕಟ್ಟಲು ಕಟ್ಟಡದಷ್ಟು ದೊಡ್ಡ ಆಂಟೆನಾ ಬೇಕು. ಮಿಲಿಮೀಟರ್ ಅಲೆಗೆ ಅಂಗೈಯಗಲದ್ದು ಸಾಕು. ಬೋಸ್ ಅವರು ಚೌಕ ಕೊಳವೆಯೊಂದರ ಮೂಲಕ ಅಲೆಯನ್ನು ಹೊರತಂದರು; ಅಲೆಯನ್ನು ಹಿಡಿಯಲು ಆಲಿಕೆಯಂತೆ ಅಗಲವಾಗುವ ಬಾಯಿಯನ್ನು ರಚಿಸಿದರು. ಇಂದು ತರಂಗನಾಳ ಮತ್ತು ಹಾರ್ನ್ ಆಂಟೆನಾ ಎಂದು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಲಿಯುವುದು ಇವನ್ನೇ. ಕಿರಣವನ್ನು ಸಮಾನಾಂತರಗೊಳಿಸಲು ಮಸೂರ, ಬಾಗಿಸಲು ಪ್ರಿಸಂ, ಸೋಸಲು ಸೆಣಬಿನ ನಾರಿನ ಹುರಿ, ಇವೆಲ್ಲವೂ ಅವರ ಮೇಜಿನ ಮೇಲಿದ್ದವು. ಹಾಳೆಗಳ ನಡುವೆ ತವರದ ತೆಳುಹಾಳೆಗಳನ್ನಿಟ್ಟ ಪುಸ್ತಕವೂ ಅಲೆಯನ್ನು ಒಂದು ಭಂಗಿಯಲ್ಲಿ ಬಿಟ್ಟು ಮತ್ತೊಂದು ಭಂಗಿಯಲ್ಲಿ ತಡೆಯುತ್ತದೆಂದು ಅವರು ತೋರಿಸಿದರು. ಅದಕ್ಕಾಗಿ ಅವರು ಎತ್ತಿಕೊಂಡದ್ದು ಬ್ರ್ಯಾಡ್‌ಷಾ ರೈಲ್ವೆ ವೇಳಾಪಟ್ಟಿಯನ್ನು ಎಂಬುದು ಲೋಕಲ್ ರೈಲಿನ ವೇಳೆಗೆ ಬದುಕನ್ನು ಹೊಂದಿಸಿಕೊಂಡಿರುವ ನಮಗೆ ಸ್ವಾರಸ್ಯಕರ ಸಂಗತಿ.

ಆದರೆ ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರದ್ದು ಅವರ ತಿರುಗುವ ಮೇಜು. ಡಿಗ್ರಿಗಳನ್ನು ಗುರುತಿಸಿದ ವೃತ್ತಾಕಾರದ ಫಲಕದ ಒಂದು ಬದಿಗೆ ಅಲೆ ಹೊರಡಿಸುವ ಪೆಟ್ಟಿಗೆ, ಇನ್ನೊಂದು ಬದಿಗೆ ತಿರುಗುವ ತೋಳಿನ ಮೇಲೆ ಅಲೆಯನ್ನು ಹಿಡಿಯುವ ಗ್ರಾಹಕ. ನಡುವೆ ಪ್ರಿಸಂ ಇಟ್ಟಾಗ ಕಿರಣ ಬಾಗಿ ಬೇರೆಡೆಗೆ ಹೋಗುತ್ತದೆ. ಗ್ರಾಹಕಕ್ಕೆ ಏನೂ ಸಿಗುವುದಿಲ್ಲ. ತೋಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಪ್ರತಿ ನಿಲುಗಡೆಯಲ್ಲೂ ಕಿಡಿ ಹಾರಿಸಿ, ಗ್ಯಾಲ್ವನೋಮೀಟರಿನ ಸೂಚಕ ಎಲ್ಲಿ ಹೆಚ್ಚು ಹೊರಳುತ್ತದೆಂದು ನೋಡಬೇಕು. ಅಲ್ಲೇ ಕಿರಣದ ದಿಕ್ಕು. ಹೀಗೆ ಕಂಡುಕೊಂಡ ಕೋನದಿಂದ ಗಾಜು, ಗಂಧಕ ಮೊದಲಾದ ವಸ್ತುಗಳಲ್ಲಿ ಅಲೆ ಎಷ್ಟು ಬಾಗುತ್ತದೆಂಬುದನ್ನು ಅವರು ಅಳೆದರು. ದಿಕ್ಕುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಬಲವಾದುದನ್ನು ಆರಿಸುವ ಈ ಕ್ರಮವೇ ಇಂದಿನ ಕಿರಣ ಆಯ್ಕೆಯ ಮೂಲರೂಪ. ಅಂದು ತಿರುಗಿಸಿದ್ದು ಕೈ, ಇಂದು ತಿರುಗಿಸುವುದು ವಿದ್ಯುನ್ಮಂಡಲ, ಅಷ್ಟೇ ವ್ಯತ್ಯಾಸ.

ಟೌನ್‌ಹಾಲ್‌ನಿಂದ ಲಂಡನ್ನಿಗೆ

1895ರ ಮೇ ತಿಂಗಳಲ್ಲಿ ಬಂಗಾಳದ ಏಷಿಯಾಟಿಕ್ ಸೊಸೈಟಿಯಲ್ಲಿ ಬೋಸ್ ಅವರು ತಮ್ಮ ಮೊದಲ ಪ್ರಬಂಧವನ್ನು ಮಂಡಿಸಿದರು. ಹರಳುಗಳು ವಿದ್ಯುತ್ ಕಿರಣಗಳನ್ನು ಧ್ರುವೀಕರಿಸುವ ಬಗೆ ಅದರ ವಿಷಯ. ಅದೇ ಕಾಲಕ್ಕೆ ಕಲಕತ್ತೆಯ ಟೌನ್‌ಹಾಲ್‌ನಲ್ಲಿ ನಡೆದ ಸಾರ್ವಜನಿಕ ಪ್ರದರ್ಶನವು ನಗರದಲ್ಲಿ ಮನೆಮಾತಾಯಿತು. ಒಂದು ಕಡೆಯಿಂದ ಹೊರಟ ಕಾಣದ ಅಲೆಯು ಗೋಡೆಗಳ ಆಚೆ, ಸುಮಾರು 75 ಅಡಿ ದೂರದಲ್ಲಿ ಗಂಟೆಯನ್ನು ಬಾರಿಸಿ, ಕೋವಿಮದ್ದನ್ನು ಸಿಡಿಸಿತು. ಕಿಡಿಯಿಂದ ಹುಟ್ಟುವ ಅಲೆಯಲ್ಲಿ ಹಲವು ಉದ್ದದ ಅಂಶಗಳು ಬೆರೆತಿರುತ್ತವೆ. ಅವುಗಳಲ್ಲಿ ಉದ್ದನೆಯವು ಗೋಡೆಯನ್ನು ಹೆಚ್ಚು ಸುಲಭವಾಗಿ ದಾಟುತ್ತವೆ. ತಂತಿಯಿಲ್ಲದೆ ಸಂಕೇತ ಕಳುಹಿಸಬಹುದೆಂಬುದಕ್ಕೆ ನೆರೆದವರ ಕಣ್ಣೇ ಸಾಕ್ಷಿಯಾಯಿತು.

1896ರಲ್ಲಿ ಲಂಡನ್ ವಿಶ್ವವಿದ್ಯಾಲಯವು ಅವರಿಗೆ ಡಿ.ಎಸ್‌ಸಿ. ಪದವಿಯಿತ್ತಿತು. ಅದೇ ವರ್ಷ ಇಂಗ್ಲೆಂಡಿಗೆ ತೆರಳಿ ಲಿವರ್‌ಪೂಲ್‌ನಲ್ಲಿ ಸೇರಿದ್ದ ಬ್ರಿಟಿಷ್ ಅಸೋಸಿಯೇಷನ್ನಿನ ಸಭೆಯಲ್ಲಿ ಪ್ರಯೋಗಗಳನ್ನು ತೋರಿಸಿದರು. ವಯೋವೃದ್ಧ ಲಾರ್ಡ್ ಕೆಲ್ವಿನ್ ಸಭಿಕರ ನಡುವಿನಿಂದ ಎದ್ದು ಬಂದು ಮೆಚ್ಚುಗೆ ಸೂಚಿಸಿದರು. 1897ರ ಜನವರಿ 29ರಂದು ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಖ್ಯಾತ ಶುಕ್ರವಾರದ ಉಪನ್ಯಾಸಕ್ಕೆ ಅವರಿಗೆ ಆಹ್ವಾನ ಬಂತು. ಸ್ನಾನದ ಕೋಣೆಯ ಪಕ್ಕದಲ್ಲಿ ತಗಡು ಬಡಿದು ಮಾಡಿದ ಉಪಕರಣಗಳು ಫ್ಯಾರಡೆಯವರ ವೇದಿಕೆಯ ಮೇಲೆ ನಿಂತು, ಆ ಸಭೆಯ ಮುಂದೆ ಕರಾರುವಾಕ್ಕಾಗಿ ಕೆಲಸ ಮಾಡಿದವು.

ಲೋಕ ಹಿಡಿದ ಬೇರೆ ದಾರಿ

ಆದರೆ ಲೋಕವು ಬೋಸ್ ಅವರ ದಾರಿಯಲ್ಲಿ ನಡೆಯಲಿಲ್ಲ. ಅದೇ ವರ್ಷಗಳಲ್ಲಿ ಇಟಲಿಯ ತರುಣ ಮಾರ್ಕೊನಿ ಇಂಗ್ಲೆಂಡಿನಲ್ಲಿ ತಂತಿರಹಿತ ಟೆಲಿಗ್ರಾಫ್‌ನ ಉದ್ಯಮವನ್ನು ಕಟ್ಟುತ್ತಿದ್ದರು. ಹಡಗಿನಿಂದ ದಡಕ್ಕೆ, ದಡದಿಂದ ಖಂಡಾಂತರಕ್ಕೆ ಸುದ್ದಿ ಮುಟ್ಟಿಸುವುದು ಅವರ ಗುರಿ. ಅದಕ್ಕೆ ಬೇಕಾದದ್ದು ದೂರ ಹೋಗುವ, ಗುರಿ ಹಿಡಿಯುವ ಅಗತ್ಯವಿಲ್ಲದ, ಅಡ್ಡಿಗಳನ್ನು ಬಳಸಿಕೊಂಡು ಸಾಗುವ ನೂರಾರು ಮೀಟರ್ ಉದ್ದದ ಅಲೆ. ದಿಕ್ಕು ತಪ್ಪಿದರೆ ಸಿಗದ, ಅಡ್ಡ ಬಂದರೆ ತಡೆಯಾಗುವ ಮಿಲಿಮೀಟರ್ ಅಲೆಯು ನಾವಿಕನಿಗೆ ಉಪಯೋಗಕ್ಕೆ ಬಾರದು. 1901ರ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ಸಾಗರದಾಚೆಯಿಂದ ಸಂಕೇತ ಪಡೆದುದಾಗಿ ಮಾರ್ಕೊನಿ ಸಾರಿದರು. ಆ ಪ್ರಯೋಗದಲ್ಲಿ ಬಳಕೆಯಾದ ಪಾದರಸದ ಗ್ರಾಹಕದ ಮೂಲವು 1899ರಲ್ಲಿ ಬೋಸ್ ಅವರು ರಾಯಲ್ ಸೊಸೈಟಿಗೆ ಒಪ್ಪಿಸಿದ ಪ್ರಬಂಧದಲ್ಲಿದೆಯೆಂದು ಕೆಲವು ಆಧುನಿಕ ಸಂಶೋಧಕರು ವಾದಿಸಿದ್ದಾರೆ. ಆದರೂ ಮಾರ್ಕೊನಿಯ ಸಾಧನೆಯನ್ನು ಕಡೆಗಣಿಸಿ ಬೋಸ್ ಅವರನ್ನು ಎತ್ತರಿಸುವ ಅಗತ್ಯವಿಲ್ಲ. ಒಬ್ಬರ ಗುರಿ ದೂರವಾಗಿತ್ತು, ಇನ್ನೊಬ್ಬರ ಗುರಿ ಅಲೆಯ ಸ್ವರೂಪವಾಗಿತ್ತು.

ಹಣದ ವಿಷಯದಲ್ಲಿಯೂ ಬೋಸ್ ಅವರ ನಿಲುವು ಭಿನ್ನ. ಸಂಶೋಧನೆಯಿಂದ ಬರುವ ಅರಿವು ಎಲ್ಲರಿಗೂ ಸೇರಿದ್ದೆಂದು ಬಗೆದು ಪೇಟೆಂಟ್ ಪಡೆಯಲು ಅವರು ಹಿಂಜರಿದರು. ಸಿಸ್ಟರ್ ನಿವೇದಿತಾ ಮತ್ತು ಅಮೆರಿಕದ ಸಾರಾ ಬುಲ್ ಅವರ ಒತ್ತಾಯಕ್ಕೆ ಮಣಿದು, ಗಲೀನ ಎಂಬ ಸೀಸದ ಅದಿರಿನ ಹರಳಿನಿಂದ ಅಲೆಯನ್ನು ಪತ್ತೆಹಚ್ಚುವ ಸಾಧನಕ್ಕೆ 1901ರಲ್ಲಿ ಅರ್ಜಿ ಸಲ್ಲಿಸಲಾಯಿತು. 1904ರ ಮಾರ್ಚ್ 29ರಂದು ಅಮೆರಿಕದ ಪೇಟೆಂಟ್ ದೊರೆಯಿತು. ಅರೆವಾಹಕ ಸಾಧನಕ್ಕೆ ದೊರೆತ ಅತ್ಯಂತ ಆರಂಭದ ಪೇಟೆಂಟ್‌ಗಳಲ್ಲಿ ಅದೂ ಒಂದು. ಆದರೆ ಅದರಿಂದ ಅವರು ಲಾಭ ಪಡೆಯಲಿಲ್ಲ. ಅವಧಿ ಕಳೆಯಲು ಬಿಟ್ಟುಬಿಟ್ಟರು. ಮೂರು ವರ್ಷ ಸಂಬಳ ಹಿಂದಿರುಗಿಸಿದವರಿಗೆ ಇದು ಸಹಜವೇ ಆಗಿದ್ದಿರಬೇಕು. ಅದರ ಬೆಲೆಯನ್ನೂ ಅವರು ತೆತ್ತರು. ಆ ಅಲೆಗಳ ಹಾದಿಯನ್ನು ಮುಂದುವರಿಸಲು ಅವರಿಗೆ ಉದ್ಯಮದ ಬಲ ಸಿಗಲಿಲ್ಲ, ಬಲವಿದ್ದವರಿಗೆ ಆ ಅಲೆ ಬೇಕಿರಲಿಲ್ಲ.

ಗಿಡಗಳತ್ತ, ಕೊನೆಯ ದಿನಗಳತ್ತ

ಅಲೆಯನ್ನು ಹಿಡಿಯುವ ಗ್ರಾಹಕಗಳು ಬಹಳ ಹೊತ್ತು ಕೆಲಸ ಮಾಡಿದ ಬಳಿಕ ದಣಿದಂತೆ ಮಂದವಾಗುವುದನ್ನೂ ವಿಶ್ರಾಂತಿಯ ನಂತರ ಚೇತರಿಸಿಕೊಳ್ಳುವುದನ್ನೂ ಬೋಸ್ ಅವರು ಗಮನಿಸಿದ್ದರು. ಲೋಹಕ್ಕೂ ಇಂತಹ ಪ್ರತಿಕ್ರಿಯೆಯಿದ್ದರೆ ಸಸ್ಯಗಳಲ್ಲಿ ಏನಿರಬಹುದೆಂಬ ಪ್ರಶ್ನೆ ಅವರನ್ನು ಹೊಸ ಕ್ಷೇತ್ರಕ್ಕೆ ಒಯ್ದಿತು. 1902ರಲ್ಲಿ ಪ್ರಕಟವಾದ ಅವರ ಗ್ರಂಥವು ಸಜೀವ ಮತ್ತು ನಿರ್ಜೀವ ವಸ್ತುಗಳ ಪ್ರತಿಕ್ರಿಯೆಯನ್ನು ಕುರಿತದ್ದು. ಸಸ್ಯದ ಬೆಳವಣಿಗೆಯನ್ನು ಹಲವು ಸಾವಿರ ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಅವರ ಪ್ರಸಿದ್ಧ ಸಾಧನ. ಆ ಕಾಲದ ಶರೀರವಿಜ್ಞಾನಿಗಳಿಂದ ತೀವ್ರ ವಿರೋಧವನ್ನೂ ಅವರು ಎದುರಿಸಿದರು. ಬಂಗಾಳಿಯಲ್ಲಿ ವೈಜ್ಞಾನಿಕ ಕತೆ, ಪ್ರಬಂಧಗಳನ್ನು ಬರೆದು ಮಾತೃಭಾಷೆಯ ಋಣವನ್ನೂ ತೀರಿಸಿದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರಿಂದ ಪಾಠ ಕೇಳಿದವರಲ್ಲಿ ಸತ್ಯೇಂದ್ರನಾಥ ಬೋಸ್ ಮತ್ತು ಮೇಘನಾದ ಸಾಹಾ ಅವರೂ ಇದ್ದರೆಂಬುದು ಉಲ್ಲೇಖನೀಯ.

1917ರಲ್ಲಿ ಅವರಿಗೆ ನೈಟ್ ಪದವಿ ದೊರೆಯಿತು. ಅದೇ ವರ್ಷದ ನವೆಂಬರ್ 30ರಂದು, ತಮ್ಮ ಐವತ್ತೊಂಬತ್ತನೆಯ ಜನ್ಮದಿನದಂದು, ಕಲಕತ್ತೆಯಲ್ಲಿ ಬೋಸ್ ಸಂಶೋಧನಾ ಮಂದಿರವನ್ನು ರಾಷ್ಟ್ರಕ್ಕೆ ಅರ್ಪಿಸಿದರು. ತಮಗೆ ದೊರೆಯದಿದ್ದ ಪ್ರಯೋಗಶಾಲೆ ಮುಂದಿನವರಿಗೆ ದೊರೆಯಲೆಂಬ ಹಂಬಲ ಅದರ ಹಿಂದಿತ್ತು. 1920ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಲಭಿಸಿತು. 1937ರ ನವೆಂಬರ್ 23ರಂದು, ಇಂದಿನ ಝಾರ್ಖಂಡ್‌ಗೆ ಸೇರಿದ ಗಿರಿಡೀಹ್‌ನಲ್ಲಿ, ಎಪ್ಪತ್ತೊಂಬತ್ತು ತುಂಬಲು ಒಂದು ವಾರವಿರುವಾಗ ಅವರು ಕೊನೆಯುಸಿರೆಳೆದರು.

ಬೆಂಗಳೂರಿನಲ್ಲಿ ಮುಂದುವರಿದ ಎಳೆ

ಬೋಸ್ ಅವರು ಬಿಟ್ಟ ಎಳೆಯು ನಮ್ಮ ಕರ್ನಾಟಕದಲ್ಲಿಯೂ ಮುಂದುವರಿಯಿತೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಎರಡನೆಯ ಮಹಾಯುದ್ಧದಲ್ಲಿ ರೇಡಾರ್ ಬೆಳೆದ ಬಳಿಕ ಚಿಕ್ಕ ಅಲೆಗಳಿಗೆ ಮತ್ತೆ ಬೇಡಿಕೆ ಬಂತು. ಮೈಸೂರು ಸೀಮೆಯಲ್ಲಿ 1922ರಲ್ಲಿ ಜನಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದ ರಾಜೇಶ್ವರಿ ಚಟರ್ಜಿ ಅವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಉನ್ನತ ವ್ಯಾಸಂಗ ಮುಗಿಸಿ 1953ರಲ್ಲಿ ಅದೇ ಸಂಸ್ಥೆಗೆ ಅಧ್ಯಾಪಕಿಯಾಗಿ ಮರಳಿದರು. ಪತಿ ಶಿಶಿರ್ ಕುಮಾರ್ ಚಟರ್ಜಿ ಅವರೊಡನೆ ಕೂಡಿ ಅಲ್ಲಿ ಮೈಕ್ರೋವೇವ್ ಸಂಶೋಧನೆಯನ್ನು ಬೆಳೆಸಿದರು. ಆಂಟೆನಾಗಳು ಅವರ ಅಧ್ಯಯನದ ಕೇಂದ್ರ. ಆ ವಿಷಯದಲ್ಲಿ ಅವರು ಬರೆದ ಪಠ್ಯಗಳನ್ನು ಓದಿದ ಎಂಜಿನಿಯರುಗಳು ದೇಶದ ತುಂಬ ಇದ್ದಾರೆ. ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ನೀಡುವ ಜಗದೀಶಚಂದ್ರ ಬೋಸ್ ಸ್ಮಾರಕ ಬಹುಮಾನವು ಅವರಿಗೆ ಸಂದಿತ್ತೆಂಬುದು ಎಷ್ಟು ಅರ್ಥಪೂರ್ಣ! ಅವರು 2010ರಲ್ಲಿ ನಿಧನರಾದರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ 10.4 ಮೀಟರ್ ವ್ಯಾಸದ ದೂರದರ್ಶಕವೊಂದು ಆಕಾಶದಿಂದ ಬರುವ ಮಿಲಿಮೀಟರ್ ಅಲೆಗಳನ್ನು ಹಿಡಿಯಲೆಂದೇ ನಿರ್ಮಾಣಗೊಂಡಿತ್ತು.

ಆಯ್ಕೆಯ ಜಾಣ್ಮೆ

ಭಾರತದಲ್ಲಿ 5ಜಿ ಸೇವೆಯು 2022ರ ಅಕ್ಟೋಬರ್ 1ರಂದು ಉದ್ಘಾಟನೆಗೊಂಡಿತು. ಅದಕ್ಕೆ ಮುನ್ನ ಅದೇ ವರ್ಷ ನಡೆದ ಹರಾಜಿನಲ್ಲಿ 26 ಗಿಗಾಹರ್ಟ್ಸ್ ಪಟ್ಟಿಯೂ ಮಾರಾಟವಾಯಿತು. ಆ ಅಲೆಯ ಉದ್ದ ಸುಮಾರು ಹನ್ನೊಂದೂವರೆ ಮಿಲಿಮೀಟರ್. 1895ರ ವೇಳೆಗೆ ಬೋಸ್ ಅವರ ಮೇಜಿನ ಮೇಲೆ ಹರಿದಾಡಿದ ಅಲೆಗಳ ಸಾಲಿನದೇ. ನಮ್ಮ ಕೈಯ ಸಾಮಾನ್ಯ ಫೋನುಗಳ 5ಜಿ ಸೇವೆ ಮುಖ್ಯವಾಗಿ ಇದಕ್ಕಿಂತ ಉದ್ದನೆಯ ಅಲೆಗಳನ್ನು ನೆಚ್ಚಿದೆಯಾದರೂ ದತ್ತಾಂಶದ ಹೊರೆ ಹೆಚ್ಚಿದಷ್ಟೂ ವಿಶಾಲವಾದ ಈ ಪಟ್ಟಿಯ ಕಡೆಗೆ ಉದ್ಯಮವು ನೋಡಲೇಬೇಕಾಗಿದೆ.

ಅಂದು ನಾವಿಕನಿಗೆ ಬೇಡವಾಗಿದ್ದ ದೋಷಗಳೆಲ್ಲ ಈ ಅಲೆಯಲ್ಲಿ ಇಂದಿಗೂ ಇವೆ. ಕಾಂಕ್ರೀಟ್ ಗೋಡೆ ಅದನ್ನು ತಡೆಯುತ್ತದೆ. ಮನುಷ್ಯ ಅಡ್ಡ ಬಂದರೂ, ಫೋನನ್ನು ಹಿಡಿದ ಅಂಗೈ ಮುಚ್ಚಿದರೂ ಅದು ಕ್ಷೀಣಿಸುತ್ತದೆ. ಆದ್ದರಿಂದ ಶಕ್ತಿಯನ್ನೆಲ್ಲ ಕಿರಿದಾದ ಕಿರಣವಾಗಿ ಒಟ್ಟುಗೂಡಿಸಿ ಗುರಿಯತ್ತ ಬಿಡುವುದು ಅನಿವಾರ್ಯ. ಈಗಿನ ಆಂಟೆನಾ ಫಲಕದಲ್ಲಿ ಹತ್ತಾರು ಪುಟ್ಟ ಆಂಟೆನಾಗಳು ಸಾಲಾಗಿ ಕುಳಿತಿರುತ್ತವೆ. ಒಂದೊಂದಕ್ಕೂ ಅಲೆಯನ್ನು ಸ್ವಲ್ಪ ಹಿಂದುಮುಂದಾಗಿ ಕೊಟ್ಟರೆ, ಏನನ್ನೂ ತಿರುಗಿಸದೆ ಕಿರಣದ ದಿಕ್ಕು ಬದಲಾಗುತ್ತದೆ. ಆದರೆ ಫೋನು ಎಲ್ಲಿದೆಯೆಂದು ಫಲಕಕ್ಕೆ ಮೊದಲೇ ತಿಳಿದಿರುವುದಿಲ್ಲ. 5ಜಿ ನಿಯಮಾವಳಿಯಲ್ಲಿ ಒಂದು ನೆಲೆಗೆ ಇಂತಹ 64ರವರೆಗೆ ದಿಕ್ಕುಗಳಿರಬಹುದು. ಫೋನಿನಲ್ಲಿಯೂ ಎಂಟು ದಿಕ್ಕುಗಳಿವೆಯೆಂದುಕೊಂಡರೆ 512 ಜೋಡಿಗಳಾದವು. ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸುತ್ತ ಕುಳಿತರೆ ಅಷ್ಟರಲ್ಲಿ ಬಳಕೆದಾರನು ಬಾಲ್ಕನಿಯಿಂದ ಅಡುಗೆಮನೆಗೆ ನಡೆದುಬಿಟ್ಟಿರುತ್ತಾನೆ.

ಇಲ್ಲಿ ಬೇಕಾಗುವುದು ಆಯ್ಕೆಯ ಜಾಣ್ಮೆ. ಮೊದಲು ಅಗಲವಾದ ಎಂಟು ಕಿರಣಗಳಿಂದ ಸುತ್ತ ನೋಡಿ ಫೋನು ಯಾವ ಭಾಗದಲ್ಲಿದೆಯೆಂದು ತಿಳಿದು, ಬಳಿಕ ಆ ಭಾಗದೊಳಗಿನ ಎಂಟು ಕಿರಿದಾದ ಕಿರಣಗಳನ್ನು ಮಾತ್ರ ಪರೀಕ್ಷಿಸಿದರೆ 64ರ ಕೆಲಸ 16ರಲ್ಲಿ ಮುಗಿಯುತ್ತದೆ. ಬೊರಿವಲಿಯಲ್ಲಿ ಪರಿಚಿತರ ಮನೆ ಹುಡುಕುವವನು ಮನೆಮನೆಯ ಬಾಗಿಲು ತಟ್ಟದೆ, ಮೊದಲು ಪೂರ್ವವೋ ಪಶ್ಚಿಮವೋ ಎಂದು ಕೇಳಿ, ನಂತರ ರಸ್ತೆ, ನಂತರ ಕಟ್ಟಡ ಎಂದು ಸಾಗುವಂತೆಯೇ ಇದು. ಕಿರಣ ಹಿಂದೆ ಎಲ್ಲಿ ಸಿಕ್ಕಿತ್ತೆಂಬ ನೆನಪು, ಬಳಕೆದಾರನು ಚಲಿಸುತ್ತಿರುವ ದಿಕ್ಕು, ಸ್ಥಳದ ಮಾಹಿತಿ, ಹಳೆಯ ಅಳತೆಗಳಿಂದ ಕಲಿತ ಗಣಕದ ಊಹೆ, ಇವನ್ನೂ ಬಳಸಿ ಪರೀಕ್ಷೆಗಳನ್ನು ಇನ್ನಷ್ಟು ಕಡಿಮೆ ಮಾಡುವ ಯತ್ನಗಳು ನಡೆದಿವೆ. ನೇರ ದಾರಿ ಮುಚ್ಚಿದಾಗ ಎದುರಿನ ಕಟ್ಟಡದ ಗಾಜಿಗೆ ಬಡಿದು ಬರುವ ಕಿರಣವನ್ನು ಬದಲಿಯಾಗಿ ಸಿದ್ಧವಿಟ್ಟುಕೊಳ್ಳುವುದೂ ಈ ಜಾಣ್ಮೆಯ ಒಂದು ಭಾಗ.

2012ರಲ್ಲಿ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳ ಅಂತಾರಾಷ್ಟ್ರೀಯ ಸಂಸ್ಥೆಯಾದ ಐಇಇಇ, ಬೋಸ್ ಅವರ ಮಿಲಿಮೀಟರ್ ತರಂಗ ಪ್ರಯೋಗಗಳನ್ನು ತಂತ್ರಜ್ಞಾನದ ಇತಿಹಾಸದ ಮೈಲಿಗಲ್ಲೆಂದು ಗುರುತಿಸಿ ಗೌರವಿಸಿತು. ಅವರು ಗತಿಸಿ ಎಪ್ಪತ್ತೈದು ವರ್ಷಗಳು ಸಂದಿದ್ದ ವರ್ಷವದು. ಗೌರವ ತಡವಾಯಿತೆಂದು ನಾವು ಮರುಗಬಹುದು. ಆದರೆ ಆಚಾರ್ಯರು ಕಾದು ಕುಳಿತವರಲ್ಲ. ತಮ್ಮ ಅಲೆಯನ್ನು ಲೋಕ ಕೇಳಲಿಲ್ಲವೆಂದು ಕೊರಗುತ್ತ ನಿಲ್ಲದೆ ಮುಂದಿನ ಪ್ರಶ್ನೆಯತ್ತ ನಡೆದವರು.

ಮುಂದಿನ ಬಾರಿ ಮಾತು ಕಡಿದು, ಫೋನನ್ನು ಕೈಯಲ್ಲಿ ಹಿಡಿದು ಕಿಟಕಿಯತ್ತ ತಿರುಗಿದಾಗ, ಇಕ್ಕಟ್ಟಾದ ಕೋಣೆಯಲ್ಲಿ ಗ್ರಾಹಕದ ತೋಳನ್ನು ಒಂದೊಂದೇ ಡಿಗ್ರಿ ಸರಿಸುತ್ತ ಸೂಚಕದ ಮೇಲೆ ಕಣ್ಣಿಟ್ಟು ನಿಂತಿದ್ದ ಆ ಅಧ್ಯಾಪಕರನ್ನು ಒಮ್ಮೆ ನೆನೆಯೋಣ. ಮನೆಯ ಮಕ್ಕಳಿಗೂ ಅವರ ಕತೆಯನ್ನು ಹೇಳೋಣ, ಸಾಧ್ಯವಾದರೆ ಕನ್ನಡದಲ್ಲೇ.